ಜಪಾನಿ ಯಂತ್ರಕ್ಕೆ 415ರಿಂದ 200 ವೋಲ್ಟ್: ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನ ಅರ್ಥಿಂಗ್ ಮಾಡುವ ಬಗೆ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ ಲೇತ್‌, ಮಿಲ್ಲಿಂಗ್ ಯಂತ್ರಗಳು ಕಾಣಸಿಗುತ್ತವೆ. ಅವುಗಳ ಮೋಟರ್‌ಗಳು ಮೂರು ಫೇಸ್ 200 ವೋಲ್ಟ್‌ನವು. ನಮ್ಮ ಲೈನ್ 415 ವೋಲ್ಟ್. ನಡುವೆ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಾರೆ, ಮೂರು ವೈರ್ ಒಳಗೆ, ಮೂರು ವೈರ್ ಹೊರಗೆ. ಯಂತ್ರ ಓಡುತ್ತದೆ. ಸೆಕೆಂಡರಿಯ (200 ವೋಲ್ಟ್ ಹೊರಬರುವ ಬದಿ) ನಾಲ್ಕನೇ ಟರ್ಮಿನಲ್, ಅಂದರೆ ನ್ಯೂಟ್ರಲ್, ಖಾಲಿ ಉಳಿಯುತ್ತದೆ. ಯಂತ್ರಕ್ಕೆ ನ್ಯೂಟ್ರಲ್ ಬೇಕಿಲ್ಲವಲ್ಲ ಎಂಬುದು ಸಮಜಾಯಿಷಿ. ಯಂತ್ರಕ್ಕೆ ಬೇಕಿಲ್ಲ, ನಿಜ. ಆದರೆ ಆ ಯಂತ್ರವನ್ನು ಮುಟ್ಟಿ ಕೆಲಸ ಮಾಡುವವರಿಗೆ ಬೇಕು.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ನೇಮ್‌ಪ್ಲೇಟ್‌ನಲ್ಲಿ 22 ಕೆವಿಎ ಎಂದಿರುವ ಒಂದು ಲೇತ್, ಅದಕ್ಕೆ 30 ಕೆವಿಎ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್, ಇಂಪಿಡೆನ್ಸ್ (ಕರೆಂಟ್‌ಗೆ ಒಡ್ಡುವ ಒಟ್ಟು ತಡೆ) ಶೇ. 4, ಟ್ರಾನ್ಸ್‌ಫಾರ್ಮರ್‌ನಿಂದ ಯಂತ್ರಕ್ಕೆ 20 ಮೀಟರ್ ಕೇಬಲ್. ನಿಮ್ಮ ಅಂಕಿಗಳು ಬೇರೆಯಾದರೂ ಲೆಕ್ಕದ ದಾರಿ ಮಾತ್ರ ಇದೇ. ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರ ಕೈಯಲ್ಲೇ ಮಾಡಿಸಬೇಕು. ಆದರೆ ಏನು ಮಾಡಿಸಬೇಕು, ಮಾಡಿದ್ದು ಸರಿಯಿದೆಯೇ ಎಂದು ನೋಡುವ ತಿಳಿವಳಿಕೆ ಕಾರ್ಖಾನೆಯವರಿಗೂ ಇರಲೇಬೇಕು.

ನ್ಯೂಟ್ರಲ್ ತೇಲಿದರೆ ಏನಾಗುತ್ತದೆ

ಎರಡು ವೈಂಡಿಂಗ್ ಇರುವ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರೈಮರಿಗೂ (415 ವೋಲ್ಟ್ ಒಳಬರುವ ಬದಿ) ಸೆಕೆಂಡರಿಗೂ ತಾಮ್ರದ ಸಂಬಂಧವಿಲ್ಲ. ಮೆಸ್ಕಾಂ, ಬೆಸ್ಕಾಂ, ಹೆಸ್ಕಾಂ ಯಾರದೇ ಲೈನ್ ಇರಲಿ, ಅವರ ನ್ಯೂಟ್ರಲ್‌ಗೆ ಮಾಡಿದ ಅರ್ಥಿಂಗ್ ಪ್ರೈಮರಿಯ ತನಕ ಬಂದು ನಿಲ್ಲುತ್ತದೆ. ಸೆಕೆಂಡರಿಯಲ್ಲಿ ಹೊಸ ವ್ಯವಸ್ಥೆಯೊಂದು ಹುಟ್ಟುತ್ತದೆ, ಅದಕ್ಕೆ ನಾವೇ ಭೂಮಿಯ ಸಂಬಂಧ ಕಟ್ಟಿಕೊಡಬೇಕು.

ಕಟ್ಟದೆ ಬಿಟ್ಟಿರಿ, ಅಂದರೆ ನ್ಯೂಟ್ರಲ್ ತೇಲಿತು ಎನ್ನೋಣ. ಮೋಟರ್‌ನ ಒಂದು ಫೇಸ್ ಅದರ ಬಾಡಿಗೆ, ಅಂದರೆ ಹೊರಗಿನ ಲೋಹದ ಕವಚಕ್ಕೆ, ತಗುಲಿದರೆ ಬ್ರೇಕರ್ ಬೀಳುವುದಿಲ್ಲ, ಕರೆಂಟ್ ಮರಳಿ ಹೋಗಲು ದಾರಿಯೇ ಇಲ್ಲ. ಯಾರಿಗೂ ತಿಳಿಯದೆ ಯಂತ್ರ ತಿಂಗಳುಗಟ್ಟಲೆ ಹಾಗೇ ಓಡುತ್ತದೆ. ಆಗ ಉಳಿದ ಎರಡು ಫೇಸ್‌ಗಳಿಗೂ ಬಾಡಿಗೂ ನಡುವೆ 115ರ ಬದಲು ಪೂರಾ 200 ವೋಲ್ಟ್ ನಿಲ್ಲುತ್ತದೆ. ಡ್ರೈವ್ (ಮೋಟರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಒಳಗಿನ ಸರ್ಜ್ ಅಬ್ಸಾರ್ಬರ್‌ಗಳು, ಫಿಲ್ಟರ್ ಕೆಪಾಸಿಟರ್‌ಗಳು ಈ ಹೆಚ್ಚುವರಿ ವೋಲ್ಟೇಜ್‌ನಲ್ಲಿ ದಣಿದು ಸಾಯುತ್ತವೆ. ಮುಂದೊಂದು ದಿನ ಇನ್ನೊಂದು ಫೇಸ್ ಬೇರೆಲ್ಲೋ ಬಾಡಿಗೆ ತಗುಲಿದಾಗ ಎರಡು ಫೇಸ್‌ಗಳ ನಡುವಿನ ಶಾರ್ಟ್ ಯಂತ್ರದ ಕಬ್ಬಿಣದ ಮೂಲಕವೇ ಹಾಯುತ್ತದೆ. ಇನ್ನು ಟ್ರಾನ್ಸ್‌ಫಾರ್ಮರ್ ಒಳಗೆ ಪ್ರೈಮರಿ ವೈಂಡಿಂಗ್ ಸೆಕೆಂಡರಿಗೆ ತಗುಲಿದರೆ 200 ವೋಲ್ಟ್‌ಗೆಂದು ಕಟ್ಟಿದ ಯಂತ್ರಕ್ಕೆ 415ರ ಲೈನ್ ನೇರ ಏರುತ್ತದೆ.

ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಂಥ ಕಡೆ ಬೇಕೆಂದೇ ನ್ಯೂಟ್ರಲ್ ತೇಲಿಸುತ್ತಾರೆ. ಅಲ್ಲಿ ಇನ್ಸುಲೇಷನ್ ಮಾನಿಟರ್ ಇಟ್ಟು ಸದಾ ಕಾಯುತ್ತಾರೆ. ಮಾನಿಟರ್ ಇಲ್ಲದೆ ತೇಲಿಸುವುದಕ್ಕೆ ಸಮರ್ಥನೆಯೇ ಇಲ್ಲ.

ಕೊಳ್ಳುವ ಮೊದಲೇ ತೀರ್ಮಾನಿಸಬೇಕಾದ್ದು

ಅರ್ಥಿಂಗ್‌ನ ಅರ್ಧ ಭಾಗ ಆರ್ಡರ್ ಕೊಡುವಾಗಲೇ ಮುಗಿಯುತ್ತದೆ. ಪ್ರೈಮರಿ ಡೆಲ್ಟಾ (ಮೂರು ವೈಂಡಿಂಗ್‌ಗಳ ತ್ರಿಕೋನ ಜೋಡಣೆ), ಸೆಕೆಂಡರಿ ಸ್ಟಾರ್ (ಮೂರರ ಒಂದೊಂದು ತುದಿ ಸ್ಟಾರ್ ಪಾಯಿಂಟ್ ಎಂಬ ಒಂದೇ ಬಿಂದುವಿಗೆ ಸೇರಿದ ಜೋಡಣೆ), ಆ ಬಿಂದುವಿನಿಂದ ನ್ಯೂಟ್ರಲ್ ಹೊರತಂದಿರಬೇಕು. ಈ ಜೋಡಣೆಯ ಸಂಕೇತ, ಅಂದರೆ ವೆಕ್ಟರ್ ಗ್ರೂಪ್, ಡಿವೈಎನ್11 (Dyn11). ಎರಡೂ ಕಡೆ ಸ್ಟಾರ್ ಇರುವ ಟ್ರಾನ್ಸ್‌ಫಾರ್ಮರ್ ಅಗ್ಗಕ್ಕೆ ಸಿಕ್ಕರೂ ಬೇಡ. ಒಂದು ಫೇಸ್ ಭೂಮಿಗೆ ತಗುಲಿದಾಗ ಸೆಕೆಂಡರಿಯ ಆ ಒಂದು ವೈಂಡಿಂಗ್‌ನ ಕರೆಂಟನ್ನು ಪ್ರೈಮರಿ ಸರಿದೂಗಿಸಬೇಕು. ಡೆಲ್ಟಾದಲ್ಲಿ ಎದುರಿನ ವೈಂಡಿಂಗ್ ಎರಡು ಲೈನ್‌ಗಳಿಂದ ನೇರವಾಗಿ ಅದನ್ನು ಎಳೆದುಕೊಳ್ಳುತ್ತದೆ. ನ್ಯೂಟ್ರಲ್ ಇಲ್ಲದ ಸ್ಟಾರ್ ಪ್ರೈಮರಿಯಲ್ಲಿ ಆ ದಾರಿಯಿಲ್ಲ. ಸ್ಟಾರ್ ಪಾಯಿಂಟ್ ಜಾರುತ್ತದೆ, ಫಾಲ್ಟ್ ಕರೆಂಟ್ ಕುಗ್ಗುತ್ತದೆ, ಬ್ರೇಕರ್ ಸುಮ್ಮನಿರುತ್ತದೆ.

ಸೆಕೆಂಡರಿ ವೋಲ್ಟೇಜ್ 200 ಆಗಿರಲಿ, 220 ಬೇಡ. ಎಷ್ಟೋ ಜಪಾನಿ ಮೋಟರ್‌ಗಳ ಮೇಲೆ 50 ಹರ್ಟ್ಸ್‌ಗೆ 200, 60 ಹರ್ಟ್ಸ್‌ಗೆ 200 ಅಥವಾ 220 ಎಂದು ಬರೆದಿರುತ್ತದೆ. ನಮ್ಮದು 50 ಹರ್ಟ್ಸ್. ಅದರಲ್ಲಿ 220 ಕೊಟ್ಟರೆ ಕಬ್ಬಿಣದೊಳಗಿನ ಫ್ಲಕ್ಸ್ ಶೇ. 10ರಷ್ಟು ಹೆಚ್ಚಿ, ಡ್ರೈವ್ ಇಲ್ಲದೆ ನೇರ ಓಡುವ ಕೂಲಂಟ್ ಪಂಪ್, ಹೈಡ್ರಾಲಿಕ್ ಪಂಪ್ ಮೋಟರ್‌ಗಳು ಬಿಸಿಯಾಗುತ್ತವೆ. ಇನ್ಸುಲೇಷನ್ ಸುಟ್ಟು ಮುಂದೆ ಬಾಡಿ ಶಾರ್ಟ್ ಆಗುವುದು ಹೆಚ್ಚಾಗಿ ಈ ಮೋಟರ್‌ಗಳಲ್ಲೇ. ಪ್ರೈಮರಿಯಲ್ಲಿ ಶೇ. 2.5 ಮತ್ತು 5ರ ಟ್ಯಾಪ್‌ಗಳನ್ನು (ವೋಲ್ಟೇಜ್ ಸರಿಹೊಂದಿಸುವ ತುದಿಗಳು), ವೈಂಡಿಂಗ್‌ಗಳ ನಡುವೆ ತಾಮ್ರದ ಸ್ಕ್ರೀನನ್ನು, ಬಾಡಿಯ ಎದುರುಬದುರು ಬದಿಯಲ್ಲಿ ಎರಡು ಅರ್ಥ್ ಟರ್ಮಿನಲ್‌ಗಳನ್ನು ಕೇಳಿ ಪಡೆಯಿರಿ.

ಕೈಗೆ ಬಂದಿರುವುದು ಆಟೋ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಮುಂದಿನ ಹಂತಗಳು ಅದಕ್ಕೆ ಹೊಂದುವುದಿಲ್ಲ. ಅದರಲ್ಲಿ ಎರಡು ಬದಿಗೂ ಒಂದೇ ವೈಂಡಿಂಗ್, ಲೈನಿನ ಅರ್ಥಿಂಗ್ ಹಾಗೇ ಮುಂದುವರಿಯುತ್ತದೆ. ಹೊಸದಾಗಿ ನ್ಯೂಟ್ರಲ್-ಅರ್ಥ್ ಲಿಂಕ್ ಹಾಕಬಾರದು, ಬಾಡಿಗೆ ಮಾತ್ರ ಅರ್ಥ್ ಕೊಡಬೇಕು. ಅದರ ವೈಂಡಿಂಗ್‌ನ ಕೆಳಭಾಗ ಕಡಿದುಹೋದರೆ 415 ವೋಲ್ಟ್ ಯಂತ್ರಕ್ಕೆ ನುಗ್ಗುತ್ತದೆ ಎಂಬ ಒಂದೇ ಕಾರಣಕ್ಕೆ ಬೆಲೆಬಾಳುವ ಸಿಎನ್‌ಸಿಗೆ ಅದನ್ನು ಹಾಕಬೇಡಿ ಎನ್ನುತ್ತೇವೆ.

ಅಂಕಿಗಳು

30 ಕೆವಿಎಗೆ ಪ್ರೈಮರಿ ಕರೆಂಟ್ 41.7 ಆಂಪಿಯರ್, ಸೆಕೆಂಡರಿ 86.6 ಆಂಪಿಯರ್. ಯಂತ್ರದ 22 ಕೆವಿಎಗೆ 63.5 ಆಂಪಿಯರ್ ಸಾಕು, ಹಾಗಾಗಿ ಸೆಕೆಂಡರಿಗೆ 80 ಆಂಪಿಯರ್ ಎಂಸಿಸಿಬಿ (ಕಾರ್ಖಾನೆಗಳಲ್ಲಿ ಬಳಸುವ ದೊಡ್ಡ ಬ್ರೇಕರ್), 25 ಚದರ ಮಿ.ಮೀ. ತಾಮ್ರದ ಕೇಬಲ್, 16 ಚದರ ಮಿ.ಮೀ. ಅರ್ಥ್ ವೈರ್. ಫೇಸ್ ವೈರ್ 16ರಿಂದ 35 ಚದರ ಮಿ.ಮೀ. ನಡುವೆ ಇದ್ದರೆ ಅರ್ಥ್ ವೈರ್ 16, 35 ದಾಟಿದರೆ ಫೇಸ್‌ನ ಅರ್ಧ ಎಂಬುದು ನಿಯಮ. ಪ್ರೈಮರಿಗೆ 63 ಆಂಪಿಯರ್ ಎಂಸಿಸಿಬಿ. ಸ್ವಿಚ್ ಹಾಕಿದ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಹತ್ತು ಪಟ್ಟಿಗೂ ಮೀರಿ ಕರೆಂಟ್ ಎಳೆಯಬಹುದಾದ್ದರಿಂದ ಅದರ ಮ್ಯಾಗ್ನೆಟಿಕ್ ಸೆಟ್ಟಿಂಗ್ (ಬ್ರೇಕರ್ ತಕ್ಷಣ ಬೀಳುವ ಕರೆಂಟ್ ಮಟ್ಟ) ಎತ್ತರದಲ್ಲಿರಬೇಕು.

ಇನ್ನು ಫಾಲ್ಟ್ ಲೂಪ್, ಅಂದರೆ ಫೇಸ್ ಬಾಡಿಗೆ ತಗುಲಿದಾಗ ಕರೆಂಟ್ ಸುತ್ತಿ ಬರುವ ದಾರಿ. ಟ್ರಾನ್ಸ್‌ಫಾರ್ಮರ್‌ನ ಒಂದು ಫೇಸ್‌ನ ಇಂಪಿಡೆನ್ಸ್: 200ರ ವರ್ಗವನ್ನು 30,000ದಿಂದ ಭಾಗಿಸಿದರೆ 1.33 ಓಮ್, ಅದರ ಶೇ. 4 ಅಂದರೆ 0.053 ಓಮ್. 25 ಚದರ ಮಿ.ಮೀ. ತಾಮ್ರ ಕಿಲೋಮೀಟರ್‌ಗೆ 0.727 ಓಮ್, 16ರದ್ದು 1.15 ಓಮ್. 20 ಮೀಟರ್ ಹೋಗಿ ಬಂದರೆ 0.0375, ಬಿಸಿಯಾದ ತಾಮ್ರಕ್ಕೆ ಶೇ. 20 ಸೇರಿಸಿದರೆ 0.045 ಓಮ್. ಒಟ್ಟು 0.098. 115 ವೋಲ್ಟನ್ನು ಇದರಿಂದ ಭಾಗಿಸಿದರೆ ಸುಮಾರು 1,175 ಆಂಪಿಯರ್.

80 ಆಂಪಿಯರ್ ಬ್ರೇಕರ್‌ನ ಮ್ಯಾಗ್ನೆಟಿಕ್ ಟ್ರಿಪ್ ಹತ್ತು ಪಟ್ಟು ಎಂದರೆ 800, ಶೇ. 20 ಸಡಿಲ ಹಿಡಿದರೆ 960. ನಮ್ಮ 1,175 ಅದನ್ನು ದಾಟುತ್ತದೆ, ಬ್ರೇಕರ್ ತಕ್ಷಣ ಬೀಳುತ್ತದೆ. ಅದೇ ಟ್ರಾನ್ಸ್‌ಫಾರ್ಮರನ್ನು 60 ಮೀಟರ್ ದೂರದ ಪ್ಯಾನಲ್ ರೂಮಿನಲ್ಲಿಟ್ಟರೆ ಕರೆಂಟ್ 614ಕ್ಕೆ ಇಳಿಯುತ್ತದೆ, ತಕ್ಷಣದ ಟ್ರಿಪ್ ಸಿಗುವುದಿಲ್ಲ. ಆಗ ಮ್ಯಾಗ್ನೆಟಿಕ್ ಸೆಟ್ಟಿಂಗ್ ಆರು ಪಟ್ಟಿಗೆ ಇಳಿಸಬಲ್ಲ ಎಂಸಿಸಿಬಿ ಬೇಕು. ಅದಕ್ಕಿಂತ ಒಳ್ಳೆಯದು, ಟ್ರಾನ್ಸ್‌ಫಾರ್ಮರನ್ನೇ ಯಂತ್ರದ ಹತ್ತಿರ ತನ್ನಿ.

ಪ್ರೈಮರಿ ಬ್ರೇಕರ್ ಇದೆಯಲ್ಲ, ಸೆಕೆಂಡರಿಗೆ ಇನ್ನೊಂದು ಏಕೆ ಎಂದು ಕೇಳುವವರಿದ್ದಾರೆ. ಈ 1,175 ಆಂಪಿಯರ್ ಪ್ರೈಮರಿಗೆ ಹೋಗುವಷ್ಟರಲ್ಲಿ 327 ಆಂಪಿಯರ್ ಆಗಿರುತ್ತದೆ. ಎತ್ತರದ ಸೆಟ್ಟಿಂಗ್‌ನ 63 ಆಂಪಿಯರ್ ಬ್ರೇಕರ್ ಅದನ್ನು ಓವರ್‌ಲೋಡ್ ಎಂದುಕೊಂಡು ಹಲವು ಸೆಕೆಂಡು ತಡೆದುಕೊಳ್ಳುತ್ತದೆ. ಪ್ರೈಮರಿಯಲ್ಲಿ ಹಾಕಿದ ಆರ್‌ಸಿಸಿಬಿಗಂತೂ (ಭೂಮಿಗೆ ಸೋರುವ ಕರೆಂಟ್ ಕಂಡು ಬೀಳುವ ಬ್ರೇಕರ್) ಸೆಕೆಂಡರಿಯ ಲೀಕೇಜ್ ಕಾಣುವುದೇ ಇಲ್ಲ. ಅದು ಪ್ರೈಮರಿ ಕೇಬಲ್, ಪ್ರೈಮರಿ ವೈಂಡಿಂಗ್ ಬಾಡಿಗೆ ತಗುಲುವುದನ್ನು ಮಾತ್ರ ಕಾಯುತ್ತದೆ. ಆ ಕೆಲಸಕ್ಕೆ ಅದು ಬೇಕು, ಎಲ್‌ಟಿ (ಲೋ ಟೆನ್ಷನ್) ಸಂಪರ್ಕದಲ್ಲಿ ಸ್ವಂತ ಅರ್ಥ್ ಪಿಟ್ ಮಾತ್ರ ನೆಚ್ಚಿಕೊಂಡಿರುವವರಿಗಂತೂ ಬೇಕೇ ಬೇಕು.

ಅರ್ಥ್ ಪಿಟ್ ಬ್ರೇಕರ್ ಬೀಳಿಸುವುದಿಲ್ಲ

ಇದೊಂದು ಮಾತು ತಲೆಯಲ್ಲಿ ನಿಂತರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಸಿಎನ್‌ಸಿಗೆ "ಪ್ರತ್ಯೇಕ ಅರ್ಥ್" ಬೇಕು ಎಂದು ಹೇಳಿ ಹೊಸ ಗುಂಡಿ ತೋಡಿ, ಅದರ ವೈರನ್ನು ಯಂತ್ರಕ್ಕೆ ಮಾತ್ರ ಕಟ್ಟಿ, ಕಾರ್ಖಾನೆಯ ಉಳಿದ ಅರ್ಥಿಂಗ್‌ನಿಂದ ಬೇರೆಯಾಗಿ ಇಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಲೆಕ್ಕ ಹಾಕಿ ನೋಡಿ. ಯಂತ್ರದ ಗುಂಡಿ 5 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನ ಗುಂಡಿ 2 ಓಮ್. ಎರಡೂ ಒಳ್ಳೆಯ ಗುಂಡಿಗಳೇ. ಫೇಸ್ ಬಾಡಿಗೆ ತಗುಲಿದರೆ 115 ಭಾಗಿಸು 7, ಅಂದರೆ 16.5 ಆಂಪಿಯರ್ ಮಣ್ಣಿನ ಮೂಲಕ ಹರಿಯುತ್ತದೆ. 80 ಆಂಪಿಯರ್ ಬ್ರೇಕರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಯಂತ್ರದ ಬಾಡಿ ಮಾತ್ರ 82 ವೋಲ್ಟ್‌ನಲ್ಲಿ ನಿಂತಿರುತ್ತದೆ, ಕೂಲಂಟ್‌ನಲ್ಲಿ ಒದ್ದೆಯಾದ ಕೈ ಅದನ್ನು ಮುಟ್ಟುತ್ತಿರುತ್ತದೆ. ಮಣ್ಣಿನಲ್ಲಿ ಸುಮಾರು ಎರಡು ಕಿಲೋವ್ಯಾಟ್ ಶಾಖ ಹುಟ್ಟಿ ಗುಂಡಿ ಒಣಗುತ್ತದೆ, ಓಮ್ ಇನ್ನೂ ಏರುತ್ತದೆ.

ಜಪಾನಿ ಕೈಪಿಡಿಗಳಲ್ಲಿ "100 ಓಮ್ ಒಳಗಿನ ಅರ್ಥ್ ಸಾಕು" ಎಂದು ಕಂಡು ನಿಶ್ಚಿಂತರಾಗುವವರೂ ಇದ್ದಾರೆ. ಅದು ಅಲ್ಲಿನ ಡಿ ವರ್ಗದ ಅರ್ಥಿಂಗ್. ಲೀಕೇಜ್ ಬ್ರೇಕರ್ ಜೊತೆಗಿರುವುದರಿಂದ ಅಷ್ಟು ಓಮ್ ನಡೆಯುತ್ತದೆ. ಅಲ್ಲಿ 200 ವೋಲ್ಟ್ ಲೈನಿನಲ್ಲಿ ಎಸ್ ಫೇಸನ್ನೇ (ಆರ್, ಎಸ್, ಟಿ ಎಂಬ ಮೂರರಲ್ಲಿ ನಡುವಿನದು) ಭೂಮಿಗೆ ಕಟ್ಟುವುದೂ ವಾಡಿಕೆ. ನಮ್ಮ ಸ್ಟಾರ್ ಸೆಕೆಂಡರಿಯಲ್ಲಿ ಎಸ್ ಫೇಸನ್ನು ಅರ್ಥ್‌ಗೆ ಕಟ್ಟಬೇಡಿ, ಭೂಮಿ ಕಾಣಬೇಕಾದ್ದು ಸ್ಟಾರ್ ಪಾಯಿಂಟ್ ಒಂದೇ.

ಬ್ರೇಕರ್ ಬೀಳಿಸುವುದು ಮೋಟರ್ ಬಾಡಿಯಿಂದ ಟ್ರಾನ್ಸ್‌ಫಾರ್ಮರ್‌ನ ಸ್ಟಾರ್ ಪಾಯಿಂಟ್ ತನಕ ಕಡಿಯದೆ ಸಾಗುವ ಲೋಹದ ದಾರಿ. ಗುಂಡಿಯ ಕೆಲಸ ಬೇರೆ: ಇಡೀ ವ್ಯವಸ್ಥೆಯನ್ನು ನೆಲದ ವೋಲ್ಟೇಜ್‌ಗೆ ಹಿಡಿದಿಡುವುದು, ಸಿಡಿಲು ಮತ್ತು ಎಚ್‌ಟಿ (ಹೈ ಟೆನ್ಷನ್) ಲೈನಿನ ಹೊಡೆತ ಇಳಿದುಹೋಗಲು ಜಾಗ ಕೊಡುವುದು. ಪ್ರತ್ಯೇಕ ಗುಂಡಿ ಬೇಕೆನಿಸಿದರೆ ತೋಡಿ, ಆದರೆ ಅದನ್ನು ಮುಖ್ಯ ಅರ್ಥ್ ಬಾರ್‌ಗೆ ಜೋಡಿಸಿ.

ಕೆಲಸದ ಕ್ರಮ

1. ಪ್ರೈಮರಿ ಐಸೋಲೇಟರ್ ಇಳಿಸಿ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವರ ಜೇಬಿನಲ್ಲಿರಲಿ. ಟೆಸ್ಟರನ್ನು ಮೊದಲು ಲೈವ್ ಇರುವ ಕಡೆ ಪರೀಕ್ಷಿಸಿ, ಆಮೇಲೆ ಇಲ್ಲಿ ಮೂರು ಫೇಸ್ ಸತ್ತಿರುವುದನ್ನು ನೋಡಿ, ಮತ್ತೆ ಲೈವ್ ಕಡೆ ಟೆಸ್ಟರ್ ಸರಿಯಿದೆಯೇ ನೋಡಿ.

2. ಟ್ರಾನ್ಸ್‌ಫಾರ್ಮರ್ ಪಕ್ಕದ ಗೋಡೆಯಲ್ಲಿ ಇನ್ಸುಲೇಟರ್ ಮೇಲೆ 25×6 ಮಿ.ಮೀ. ತಾಮ್ರದ ಅರ್ಥ್ ಬಾರ್ ಕೂರಿಸಿ. ಈ ಯಂತ್ರದ ಎಲ್ಲ ಅರ್ಥ್‌ಗಳೂ ಸೇರುವುದು ಇಲ್ಲಿಗೇ. ಕಾರ್ಖಾನೆಯ ಮುಖ್ಯ ಅರ್ಥ್ ಗ್ರಿಡ್‌ನಿಂದ ಎರಡು ಬೇರೆ ಬೇರೆ ದಾರಿಯಲ್ಲಿ 25×3 ಮಿ.ಮೀ. ಪಟ್ಟಿ ತಂದು ಇದಕ್ಕೆ ಕಟ್ಟಿ. ಒಂದು ಕಡಿದರೂ ಇನ್ನೊಂದು ಉಳಿಯಬೇಕು.

3. ಟ್ರಾನ್ಸ್‌ಫಾರ್ಮರ್ ಬಾಡಿಯ ಎರಡು ಟರ್ಮಿನಲ್‌ಗಳಿಂದ ಎರಡು ಪ್ರತ್ಯೇಕ ವೈರ್, ತಲಾ 16 ಚದರ ಮಿ.ಮೀ. ತಾಮ್ರ, ಬಾರ್‌ಗೆ. ಬಾಡಿಗೆ ಎರಡು ಅರ್ಥ್ ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಬೇಡಿಕೆಯೂ ಹೌದು. ಸಂಪರ್ಕ ಕೂರುವ ಜಾಗದ ಪೇಂಟನ್ನು ಲೋಹ ಹೊಳೆಯುವ ತನಕ ಕೆರೆಯಿರಿ. ಪೇಂಟ್ ಮೇಲೆ ಬಿಗಿದ ಬೋಲ್ಟ್ ನೋಡಲು ಅರ್ಥ್, ಅಳೆದರೆ ಏನೂ ಅಲ್ಲ. ಸ್ಪ್ರಿಂಗ್ ವಾಷರ್ ಹಾಕಿ ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಪೆಟ್ರೋಲಿಯಂ ಜೆಲ್ಲಿ ಸವರಿ. ತಾಮ್ರ, ಅಲ್ಯೂಮಿನಿಯಂ ಸೇರುವಲ್ಲಿ ಬೈಮೆಟಲ್ ಲಗ್; ತಾಮ್ರ, ಜಿಐ ಸೇರುವಲ್ಲಿ ತವರ ಲೇಪಿಸಿದ ಲಗ್.

4. ಸ್ಕ್ರೀನ್‌ನ ಟರ್ಮಿನಲನ್ನು ಆದಷ್ಟು ಗಿಡ್ಡ ವೈರಿನಿಂದ ಬಾಡಿ ಅರ್ಥ್‌ಗೆ ಕಟ್ಟಿ. ಕೋರ್‌ಗೆ ತಯಾರಕರು ಒಂದೇ ಕಡೆ ಅರ್ಥ್ ಕೊಟ್ಟಿರುತ್ತಾರೆ. ಅಲ್ಲಿ ಎರಡನೆಯದು ಸೇರಿಸಿದರೆ ಕೋರ್‌ನಲ್ಲಿ ಸುತ್ತು ಕರೆಂಟ್ ಹರಿದು ಬಿಸಿಯಾಗುತ್ತದೆ, ಕೈ ಹಾಕಬೇಡಿ.

5. ಈಗ ಮುಖ್ಯ ಕೆಲಸ. ಸೆಕೆಂಡರಿಯ ನ್ಯೂಟ್ರಲ್ ಟರ್ಮಿನಲ್‌ನಿಂದ ಅರ್ಥ್ ಬಾರ್‌ಗೆ 25 ಚದರ ಮಿ.ಮೀ. ತಾಮ್ರದ ಲಿಂಕ್. ಟರ್ಮಿನಲ್‌ನಲ್ಲೇ ಶಾರ್ಟ್ ಆದರೆ 2,165 ಆಂಪಿಯರ್ ಹರಿಯಬಹುದು. ಒಂದು ಸೆಕೆಂಡಿಗೆ ಅದನ್ನು ತಾಳಲು, ತಾಮ್ರದ ಗುಣಾಂಕ 143 ಹಿಡಿದರೆ, 15.1 ಚದರ ಮಿ.ಮೀ. ಬೇಕು. 16 ಸಾಕಾಗುತ್ತಿತ್ತು, ಆದರೆ ಈ ತುಂಡಿನಲ್ಲಿ ಜಿಪುಣತನ ಬೇಡ. ಲಿಂಕ್‌ನಲ್ಲಿ ಫ್ಯೂಸ್, ಸ್ವಿಚ್ ಏನೂ ಇರಕೂಡದು. ನ್ಯೂಟ್ರಲ್‌ಗೂ ಭೂಮಿಗೆ ಎರಡು ಸ್ವತಂತ್ರ ಸಂಪರ್ಕ ಬೇಕೆಂದು ನಿಯಮ ಹೇಳುತ್ತದೆ, ಹಾಗಾಗಿ ಅದೇ ಟರ್ಮಿನಲ್‌ನಿಂದ ಎರಡನೇ ವೈರನ್ನು ನೇರ ಅರ್ಥ್ ಪಿಟ್‌ಗೆ ಒಯ್ಯಿರಿ. ಆ ಪಿಟ್ ಕೂಡ ಗ್ರಿಡ್‌ಗೆ ಸೇರಿರಬೇಕು. ಇವೆರಡೂ ಹೊರಡಬೇಕಾದ್ದು ಟ್ರಾನ್ಸ್‌ಫಾರ್ಮರ್ ಬಳಿಯಿಂದಲೇ. ಯಂತ್ರದ ಪ್ಯಾನಲ್‌ನಲ್ಲಿ ಇನ್ನೊಮ್ಮೆ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಬಾರದು. ಲೈನಿನ ನ್ಯೂಟ್ರಲನ್ನು ಈ ಹೊಸ ನ್ಯೂಟ್ರಲ್‌ಗೆ ತಂದು ಕಟ್ಟುವುದೂ ತಪ್ಪು. ಡೆಲ್ಟಾ ಪ್ರೈಮರಿಗೆ ನ್ಯೂಟ್ರಲ್ ಬೇಕೇ ಇಲ್ಲ, ಅದು ಪ್ಯಾನಲ್‌ನಲ್ಲೇ ನಿಲ್ಲಲಿ.

6. ಯಂತ್ರಕ್ಕೆ ಮೂರು ಫೇಸ್ ಮತ್ತು ಒಂದು ಹಸಿರು-ಹಳದಿ ಅರ್ಥ್ ವೈರ್. ಅರ್ಥ್ ವೈರ್ ಫೇಸ್ ವೈರ್‌ಗಳ ಜೊತೆಯಲ್ಲೇ, ಒಂದೇ ಟ್ರೇನಲ್ಲಿ ಸಾಗಬೇಕು; ಬೇರೆ ದಾರಿ ಹಿಡಿದರೆ ಲೂಪ್ ದೊಡ್ಡದಾಗಿ ಇಂಪಿಡೆನ್ಸ್ ಏರುತ್ತದೆ. ಆರ್ಮರ್ಡ್ ಕೇಬಲ್‌ನ ಆರ್ಮರನ್ನು ಎರಡೂ ತುದಿಯಲ್ಲಿ ಗ್ಲಾಂಡ್ ಮತ್ತು ಅರ್ಥ್ ಟ್ಯಾಗ್ ಮೂಲಕ ಅರ್ಥ್‌ಗೆ ಕಟ್ಟಿ, ಆದರೆ ಆರ್ಮರ್ ಒಂದನ್ನೇ ಅರ್ಥ್ ವೈರ್ ಎಂದು ನೆಚ್ಚಬೇಡಿ. ಮೋಟರ್‌ಗಳ ಬಾಡಿ ಯಂತ್ರದ ಬೆಡ್‌ಗೆ ಬೋಲ್ಟ್ ಆಗಿದೆ ಎಂದು ಬಿಡದೆ ಟರ್ಮಿನಲ್ ಬಾಕ್ಸ್‌ನ ಅರ್ಥ್ ಸ್ಕ್ರೂಗೆ ವೈರ್ ಕೊಡಿ. ಡ್ರೈವ್‌ಗಳಿರುವಲ್ಲಿ ಫಿಲ್ಟರ್ ಲೀಕೇಜ್ ಸದಾ ಹರಿಯುತ್ತಿರುತ್ತದೆ, ಅದಕ್ಕೆ ಅರ್ಥ್ ವೈರ್ ಎಷ್ಟು ಸಣ್ಣ ಯಂತ್ರಕ್ಕೂ 10 ಚದರ ಮಿ.ಮೀ. ತಾಮ್ರಕ್ಕಿಂತ ಕಡಿಮೆ ಬೇಡ.

7. ಅರ್ಥ್ ಲೀಕೇಜ್ ರಿಲೇ ಹಾಕುವುದಾದರೆ ಅದರ ಸಿಬಿಸಿಟಿ ರಿಂಗ್ (ಒಳಗೆ ಹಾಯುವ ವೈರ್‌ಗಳ ಕರೆಂಟನ್ನು ಒಟ್ಟಾಗಿ ಅಳೆಯುವ ಬಳೆ) ಸೆಕೆಂಡರಿಯ ಮೂರು ಫೇಸ್ ವೈರ್‌ಗಳನ್ನು ಮಾತ್ರ ಸುತ್ತುವರಿದಿರಲಿ. ಅರ್ಥ್ ವೈರ್ ರಿಂಗ್ ಒಳಗೆ ಹೋದರೆ ಹೋದ ಕರೆಂಟ್ ಮರಳಿ ಬಂದಂತೆ ಕಂಡು ರಿಲೇ ಕುರುಡಾಗುತ್ತದೆ. ಆರ್ಮರ್ ಒಳಗೆ ಹೋಗಿದ್ದರೆ ಅದರ ಅರ್ಥ್ ವೈರನ್ನು ರಿಂಗ್ ಮೂಲಕ ಹಿಂದಕ್ಕೆ ಎಳೆದು ಆಮೇಲೆ ಬಾರ್‌ಗೆ ಕಟ್ಟಬೇಕು. ಸೆಟ್ಟಿಂಗ್ 300 ಮಿಲಿಆಂಪಿಯರ್, ತಡ 0.1ರಿಂದ 0.2 ಸೆಕೆಂಡ್. ಸರ್ವೋ ಡ್ರೈವ್ ಇರುವ ಯಂತ್ರಕ್ಕೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿದರೆ ಸುಮ್ಮಸುಮ್ಮನೆ ಬಿದ್ದು, ಬೇಸತ್ತ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. ಅಲ್ಲಿಗೆ ರಕ್ಷಣೆಯೇ ಇಲ್ಲದಂತಾಯಿತು.

8. ಯಂತ್ರದೊಳಗಿನ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಕೂಡ ಇದೇ ಬಗೆಯ ಹೊಸ ವ್ಯವಸ್ಥೆ. ಅದರ ಸೆಕೆಂಡರಿಯ ಒಂದು ತುದಿ ಅರ್ಥ್‌ಗೆ ಸೇರಿದೆಯೇ, ಕಾಂಟ್ಯಾಕ್ಟರ್ ಕಾಯಿಲ್‌ಗಳ ಒಂದು ತುದಿ ನೇರ ಅದೇ ಬದಿಗಿದೆಯೇ ನೋಡಿ.

ಗುಂಡಿಯ ಬಗ್ಗೆ

ಅರ್ಥಿಂಗ್ ಕುರಿತ ಭಾರತೀಯ ಮಾನದಂಡ ಐಎಸ್ 3043ರಲ್ಲಿ ವಿವರ ಇದೆ, ಇಲ್ಲಿ ಬೇಕಾದಷ್ಟು ಮಾತ್ರ. 40 ಮಿ.ಮೀ. ಜಿಐ ಪೈಪ್, 3 ಮೀಟರ್ ಆಳ, ಮಣ್ಣಿನ ರೆಸಿಸ್ಟಿವಿಟಿ 50 ಓಮ್-ಮೀಟರ್ ಎಂದರೆ ಒಂದು ಪೈಪ್ ಕೊಡುವುದು ಸುಮಾರು 15 ಓಮ್. ಒಂದೇ ಗುಂಡಿ ತೋಡಿ 2 ಓಮ್ ಎಂದು ರಿಪೋರ್ಟ್ ಕೊಟ್ಟರೆ ಅಳತೆಯನ್ನು ಅನುಮಾನಿಸಿ. ಗುಂಡಿಗಳ ನಡುವೆ ಪೈಪ್ ಉದ್ದದ ಎರಡು ಪಟ್ಟು ಅಂತರವಿರಲಿ, ಹತ್ತಿರ ಹತ್ತಿರ ತೋಡಿದವು ಒಂದರ ಮಣ್ಣನ್ನೇ ಇನ್ನೊಂದು ಹಂಚಿಕೊಳ್ಳುತ್ತವೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಓಮ್ ಹೆಚ್ಚು. ವಿಜಯಪುರ, ಕಲಬುರಗಿಯ ಎರೆ ಮಣ್ಣು ಮಳೆಗಾಲದಲ್ಲಿ ಸೊಗಸಾದ ಅಳತೆ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಹಾಗಾಗಿ ಅಳೆಯುವುದಾದರೆ ಏಪ್ರಿಲ್, ಮೇ ತಿಂಗಳಲ್ಲಿ ಅಳೆಯಿರಿ. ಗುಂಡಿಗೆ ತುಂಬುವ ಉಪ್ಪು ಮಳೆನೀರಿಗೆ ಕರಗಿ ಹೋಗುತ್ತದೆ, ಹೋಗುವ ಮುನ್ನ ಪೈಪನ್ನೂ ತಿನ್ನುತ್ತದೆ. ಬೆಂಟೊನೈಟ್ (ನೀರು ಹಿಡಿದಿಡುವ ಒಂದು ಬಗೆಯ ಜೇಡಿಮಣ್ಣು) ತುಂಬುವುದು ಮೇಲು.

ಅರ್ಥ್ ಟೆಸ್ಟರ್‌ನಿಂದ ಅಳೆಯುವಾಗ ನೆಲಕ್ಕೆ ಚುಚ್ಚುವ ಕರೆಂಟ್ ಸರಳು ಗುಂಡಿಯಿಂದ 30 ಮೀಟರ್ ದೂರ, ವೋಲ್ಟೇಜ್ ಸರಳು ಅದರ ಶೇ. 62ರಲ್ಲಿ, ಅಂದರೆ 18.6 ಮೀಟರ್‌ನಲ್ಲಿ. ಅದನ್ನು 3 ಮೀಟರ್ ಹಿಂದೆ ಮುಂದೆ ಸರಿಸಿದರೂ ಓದು ಹೆಚ್ಚು ಬದಲಾಗದಿದ್ದರೆ ಅಳತೆ ನಂಬಬಹುದು. ಪಿಟ್‌ನ ಲಿಂಕ್ ಬಿಚ್ಚುವುದು ಸಪ್ಲೈ ಪೂರಾ ತೆಗೆದ ಮೇಲೆ ಮಾತ್ರ.

ಚಾಲನೆಗೆ ಮುನ್ನ, ನಂತರ

ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕುವ ಮೊದಲು ಯಂತ್ರದ ಕೇಬಲ್ ಬಿಚ್ಚಿ, ಡ್ರೈವ್‌ಗೆ ಮೆಗ್ಗರ್ ವೋಲ್ಟೇಜ್ ಹೋದರೆ ಕಾರ್ಡ್ ಸುಡುತ್ತದೆ. ನ್ಯೂಟ್ರಲ್ ಲಿಂಕನ್ನೂ ಬಿಚ್ಚಬೇಕು. ಪ್ರೈಮರಿ-ಅರ್ಥ್, ಸೆಕೆಂಡರಿ-ಅರ್ಥ್, ಪ್ರೈಮರಿ-ಸೆಕೆಂಡರಿ, ಮೂರನ್ನೂ ನೋಡಿ. ಹೊಸ ಟ್ರಾನ್ಸ್‌ಫಾರ್ಮರ್ ನೂರಾರು ಮೆಗಾಓಮ್ ತೋರಿಸಬೇಕು. ಗೋದಾಮಿನಲ್ಲಿ ತೇವ ಹೀರಿದ್ದರೆ ಇಳಿದಿರುತ್ತದೆ, ಒಣಗಿಸಿ ಮತ್ತೆ ನೋಡಿ. ಮುಗಿದ ಕೂಡಲೇ ಲಿಂಕ್ ವಾಪಸ್ ಹಾಕಿ. ಟೆಸ್ಟಿಂಗ್‌ಗೆಂದು ಬಿಚ್ಚಿದ ಲಿಂಕ್ ಹಾಕಲು ಮರೆಯುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಬಿಚ್ಚಿದ ಬೋಲ್ಟನ್ನು ಪ್ರೈಮರಿ ಐಸೋಲೇಟರ್‌ನ ಹಿಡಿಗೆ ಕಟ್ಟಿಡಿ, ಅದನ್ನು ತೆಗೆಯದೆ ಸಪ್ಲೈ ಕೊಡಲು ಆಗದಂತೆ. ಆಮೇಲೆ ಮೋಟರ್ ಬಾಡಿಯಿಂದ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಟರ್ಮಿನಲ್ ತನಕ ಲೋ-ಓಮ್ ಮೀಟರ್‌ನಿಂದ ಅಳೆಯಿರಿ. ನಮ್ಮ ಲೆಕ್ಕದ ಪ್ರಕಾರ ಅದು 0.025 ಓಮ್ ಆಸುಪಾಸು ಇರಬೇಕು, 0.1 ದಾಟಿದರೆ ಯಾವುದೋ ಲಗ್ ಸಡಿಲ ಅಥವಾ ಪೇಂಟ್ ಮೇಲೆ ಕೂತಿದೆ. ಸಾಮಾನ್ಯ ಮಲ್ಟಿಮೀಟರ್‌ನ ಬೀಪ್ ಇಲ್ಲಿ ಪ್ರಯೋಜನಕ್ಕೆ ಬಾರದು, ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ.

ಲೋಡ್ ಇಲ್ಲದೆ ಚಾಲೂ ಮಾಡಿ ಏಳು ಓದು ಬರೆದಿಟ್ಟುಕೊಳ್ಳಿ: ಫೇಸ್-ಫೇಸ್ ಮೂರು, 200ರ ಸುತ್ತ, ಫೇಸ್-ಅರ್ಥ್ ಮೂರು, 115ರ ಸುತ್ತ, ನ್ಯೂಟ್ರಲ್-ಅರ್ಥ್ ಸೊನ್ನೆ. ಫೇಸ್-ಫೇಸ್ ಸರಿಯಿದ್ದು ಫೇಸ್-ಅರ್ಥ್ ಒಂದೊಂದು ಒಂದೊಂದು ಥರ ಬಂದು, ಮೀಟರ್ ಬದಲಿಸಿದರೆ ಓದೂ ಬದಲಾದರೆ ನ್ಯೂಟ್ರಲ್ ತೇಲುತ್ತಿದೆ, ಲಿಂಕ್ ಕಡೆ ಹೋಗಿ. ಒಂದು ಫೇಸ್ ಸೊನ್ನೆ, ಉಳಿದೆರಡು 200 ಎಂದರೆ ನ್ಯೂಟ್ರಲ್ ತೇಲುತ್ತಿರುವುದರ ಜೊತೆಗೆ ಆ ಫೇಸ್ ಈಗಾಗಲೇ ಬಾಡಿಗೆ ತಗುಲಿದೆ. ಫೇಸ್ ಸೀಕ್ವೆನ್ಸ್ ಕೂಡ ಇಲ್ಲೇ ನೋಡಿಬಿಡಿ, ಹೈಡ್ರಾಲಿಕ್ ಪಂಪ್ ತಿರುಗುಮುರುಗಾಗಿ ತಿರುಗಿದರೆ ಒಣಗಿ ಕೆಡುತ್ತದೆ.

ಕೊನೆಗೆ, ಯಂತ್ರ ಪೂರ್ತಿ ಓಡುವಾಗ ನ್ಯೂಟ್ರಲ್-ಅರ್ಥ್ ಲಿಂಕ್‌ಗೆ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ. ಡ್ರೈವ್ ಫಿಲ್ಟರ್‌ಗಳ ದೆಸೆಯಿಂದ ಕೆಲವು ಹತ್ತು ಮಿಲಿಆಂಪಿಯರ್ ಕಾಣುವುದು ಸಹಜ. ಆಂಪಿಯರ್‌ಗಟ್ಟಲೆ ಕಂಡರೆ ಯಾರೋ ಫೇಸ್ ಮತ್ತು ಅರ್ಥ್ ನಡುವೆ 115 ವೋಲ್ಟ್‌ನ ದೀಪವನ್ನೋ ಫ್ಯಾನನ್ನೋ ಕಟ್ಟಿದ್ದಾರೆ, ಅಥವಾ ಒಂದು ಮೋಟರ್ ಸೋರತೊಡಗಿದೆ. ಒಂದೊಂದೇ ಮೋಟರ್ ಆಫ್ ಮಾಡುತ್ತ ಹೋದರೆ ಯಾವುದೆಂದು ಐದು ನಿಮಿಷದಲ್ಲಿ ಸಿಗುತ್ತದೆ. ಮೊದಲ ದಿನದ ಆ ಓದನ್ನು ದಿನಾಂಕದೊಂದಿಗೆ ಟ್ರಾನ್ಸ್‌ಫಾರ್ಮರ್ ಬಾಗಿಲ ಒಳಬದಿಗೆ ಅಂಟಿಸಿ. ಆರು ತಿಂಗಳಿಗೊಮ್ಮೆ ಲಗ್‌ಗಳನ್ನು ಬಿಗಿಯುವಾಗ ಮತ್ತೆ ಅಳೆದು ಅದರ ಕೆಳಗೆ ಬರೆಯಿರಿ.